ಹೊಸ್ತಿಲ ಕೆಳಗಿನ ಏಳು ದುಡ್ಡು

೧೧ ಮಾರ್ಚ್ ೨೦೦೧, ರವಿವಾರ. ಜಮಖಂಡಿ

ಹೋಳಿ ಮುಗಿಯಿತು, ನಾನು ಉಳಿದೆ. ಕಾಮಣ್ಣ ಎಂಬ ಹೆಸರು ಹೊತ್ತು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನಿಗೆ ವರ್ಷಕ್ಕೊಮ್ಮೆ ಈ ಅಗ್ನಿಪರೀಕ್ಷೆ ತಪ್ಪಿದ್ದಲ್ಲ. ನಾನು ಹುಡುಗರಿಗೆ ಪರೀಕ್ಷೆ ಕೊಡುತ್ತೇನೆ, ಅವರು ನನಗೆ ಅಗ್ನಿ ಕೊಡುತ್ತಾರೆ. ಈ ಸಲ ಸ್ಟಾಫ್ ರೂಮಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: "ಕಾಮಣ್ಣ ಸರ್ ಅವರನ್ನು ಸಂಜೆ ಏಳಕ್ಕೆ ಸುಡಲಾಗುವುದು. ಸರ್ವರಿಗೂ ಸ್ವಾಗತ." ಅಕ್ಷರ ದುಂಡಗಿದ್ದವು. ಬರೆದವನಿಗೆ ಎರಡು ಅಂಕ ಹೆಚ್ಚು ಕೊಡೋಣವೆನಿಸಿತು.

ಇವತ್ತು ಊರಿಗೆ ಹೋಗಿ ಬಂದೆ. ಬೀಳಗಿ ತಾಲ್ಲೂಕಿನ ನಮ್ಮೂರು ಈ ಮಳೆಗಾಲಕ್ಕೆ ಅಣೆಕಟ್ಟಿನ ಹಿನ್ನೀರಿನ ಪಾಲು. ನೀರು ಬರುವ ಮೊದಲೇ ಕಾಗದಪತ್ರಗಳಲ್ಲಿ ಮೂರು ಸಲ ಮುಳುಗಿ ಎದ್ದಿದೆ. ಜನ ಮನೆಗಳನ್ನು ಬಿಚ್ಚಿ ತೊಲೆ, ಕದ, ಕಿಟಕಿಗಳನ್ನು ಟ್ರ್ಯಾಕ್ಟರಿಗೆ ಹೇರುತ್ತಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬಿಚ್ಚಿದ್ದು ಹೊಸ್ತಿಲು. ಅದಕ್ಕೊಂದು ಕಾರಣವಿದೆ.

ನಮ್ಮ ಮನೆತನದ ಪದ್ಧತಿ ಇದು: ಮದುವೆಯಾಗಿ ಬಂದ ಸೊಸೆ ಒಳಗೆ ಕಾಲಿಡುವ ಮೊದಲು ಹೊಸ್ತಿಲ ಕೆಳಗಿನ ಸಂದಿಯಲ್ಲಿ ಒಂದು ಹೊಸ ದುಡ್ಡು ಹಾಕಬೇಕು. ಮನೆಯ ಗಂಡಸೊಬ್ಬ ಅದರ ಮೇಲೆ ಮಣ್ಣು ಮೆತ್ತಿ ಮುಚ್ಚಬೇಕು. ಅಲ್ಲಿಗೆ ಅವಳು ಮನೆಯವಳಾದಳು. ಮನೆ ಕಟ್ಟಿದಾಗಿನಿಂದ ಇಂದಿನವರೆಗೆ ಏಳು ಸೊಸೆಯರು, ಏಳು ದುಡ್ಡು. ಅವ್ವ ಹಾಕಿದ್ದು ಕಮಲದ ಚಿತ್ರದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ. ಅವಳಪ್ಪ ಅದನ್ನು ಅವಳ ಕೈಗಿಟ್ಟದ್ದು, ಡೊಳ್ಳಿನ ಸದ್ದಿಗೆ ಅವಳ ಕೈ ನಡುಗಿದ್ದು, ಎಲ್ಲವನ್ನೂ ನಾನು ಊಟಕ್ಕೆ ಹಟ ಮಾಡಿದಾಗಲೆಲ್ಲ ಕೇಳಿ ಬೆಳೆದವನು. ಏಳನೆಯ ದುಡ್ಡು ನನ್ನ ಹೆಂಡತಿ ಮನೀಷಾಳದು. ಆಗ ಡೊಳ್ಳೂ ಇತ್ತು, ಬ್ಯಾಂಡೂ ಇತ್ತು, ನಡುಗಿದ್ದು ನಾನು.

ನಾನೂ ಮನೀಷಾಳೂ ಊರು ಮುಟ್ಟುವಷ್ಟರಲ್ಲಿ ಅವ್ವ ಒಬ್ಬಳೇ ಅಗೆದು ಮುಗಿಸಿದ್ದಳು. ಮೇಲಿನ ಎರಡು ದುಡ್ಡು ಬಿಡಿಯಾಗಿದ್ದವು: ಮನೀಷಾಳ ಉಕ್ಕಿನ ರೂಪಾಯಿ, ಕಾಕಾನ ಹೆಂಡತಿ ಯಲ್ಲಕ್ಕ ಚಿಗವ್ವನ ನಾಲ್ಕಾಣೆ. ಉಳಿದವೆಲ್ಲ ಮಣ್ಣು, ಸುಣ್ಣ, ಕಿಲುಬು ಕೂಡಿ ಮುಷ್ಟಿಗಾತ್ರದ ಗಡ್ಡೆಯಾಗಿದ್ದವು. ಅದರ ಮೇಲೆ ಅವ್ವ ನಮ್ಮ ಮುಂದೆಯೇ ಬೀರಪ್ಪ ದೇವರ ಭಂಡಾರದ ಅರಿಷಿಣ ಸುರಿದಳು. ಭಂಡಾರಕ್ಕೇ ಭಂಡಾರ ಎಂದೆ. ಯಾರೂ ನಗಲಿಲ್ಲ.

"ಅವ್ವಾ, ಇದನ್ನ ಬಿಡಿಸಿ, ತೊಳದು ಕೊಡ್ತೀನಿ. ಹೊಸಾ ಹೊಸ್ತಿಲದಾಗ ಫಳಫಳಾ ಹೊಳೀಲಿ."

"ಬ್ಯಾಡೋ ಯಪ್ಪಾ. ಹೆಂಗೈತಿ ಹಂಗ ಇಡೂಣು."

"ಹಂಗ ಇಟ್ರ ಯಾರ ದುಡ್ಡು ಯಾವುದು ಅಂತ ಹೆಂಗ ಗೊತ್ತಾಗಬೇಕು?"

"ಗೊತ್ತಾಗಿ ಏನ ಮಾಡಾಂವದಿ? ಮಣ್ಣಾಗಿದ್ದದ್ದು ಮಣ್ಣಾಗಿರಲಿ."

ಮುರಗೆಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಈಗ ಮನೆಗೆ ಹಿರಿಯ. ತೊಲೆಯ ಮೇಲೆ ಕುಳಿತೇ ಅತ್ತಿಗೆಗೆ ತೀರ್ಪು ಕೊಟ್ಟ: "ತೊಳೀಲಿ ಬಿಡು ವೈನಿ. ಕುಂತ ಪಗಾರ ತಿಂತಾನ, ಒಂದ ಕೆಲಸಾರ ಆಗ್ಲಿ. ಆದ್ರ ಲೇ ಕಾಮ್ಯಾ, ಏಳಂದ್ರ ಏಳು! ಹೊಸ್ತಿಲ ಕೂಡಿಸೂ ದಿವಸ ನಾನ ಎಣಿಸಿ ಹಾಕಾಂವ."

ಅವ್ವ ಗಡ್ಡೆಯನ್ನು ನನ್ನ ಕೈಗಿಡಲು ತುಸು ಹೊತ್ತು ತೆಗೆದುಕೊಂಡಳು.

೧೮ ಮಾರ್ಚ್, ರವಿವಾರ

ಅಣ್ಣಾಸಾಹೇಬರ ಬೆಳ್ಳಿ ಗೆಜ್ಜೆಯ ಕಾರ್ಖಾನೆಗೆ ಹೋಗಿದ್ದೆ. ಕಾರ್ಖಾನೆ ಎಂಬುದು ಗೌರವವಾಚಕ. ಎರಡು ಖೋಲಿ, ಒಂದು ಮೋಟಾರು. ಆ ಮೋಟಾರಿಗೆ ಬೆಲ್ಟು ಹಾಕಿ ಒಂದು ಅಡ್ಡ ಡ್ರಮ್ಮನ್ನು ತಿರುಗಿಸುತ್ತಾರೆ. ಒಳಗೆ ಗೆಜ್ಜೆ, ಅಂಟವಾಳದ ನೀರು, ಸಣ್ಣ ಉಕ್ಕಿನ ಗುಂಡು. ಎರಡು ತಾಸು ಉರುಳಿದರೆ ಗೆಜ್ಜೆ ಹೊಳೆಯುತ್ತದೆ. ಡ್ರಮ್ಮು ತಿರುಗಿತು, ನನ್ನ ತಲೆಯೂ ತಿರುಗಿತು: ಇದೇ ನನ್ನ ಯಂತ್ರ!

"ಇದ್ರಾಗ ಹಾಕಿದ್ರ ನಿಮ್ಮ ದುಡ್ಡು ತೊಳದ ಬರಾಂಗಿಲ್ರಿ ಸರ್, ಸವದ ಬರ್ತಾವ," ಎಂದರು ಅಣ್ಣಾಸಾಹೇಬರು.

ನಂಬಲಿಲ್ಲ. ಸಂತೆಯಲ್ಲಿ ಕೊಂಡ ಹಳೆಯ ತಾಮ್ರದ ಕಾಸೊಂದನ್ನು ಬಲಿಪಶುವಾಗಿ ಒಳಗೆ ಬಿಟ್ಟೆ. ಒಂದು ತಾಸಿಗೆ ಹೊರಬಂತು. ವಿಕ್ಟೋರಿಯಾ ರಾಣಿಗೆ ಮೂಗೇ ಇಲ್ಲ! ಇಸವಿಯ ಜಾಗದಲ್ಲಿ ನುಣುಪಾದ ಬೋಳು. ನೂರು ವರ್ಷ ಕೈಯಿಂದ ಕೈಗೆ ದಾಟಿ ಉಳಿದ ಮುಖ ಒಂದು ತಾಸಿನಲ್ಲಿ ಹೋಯಿತು. ಅದು ನಮ್ಮ ಗಡ್ಡೆಯದಾಗಿದ್ದರೆ?

ಅಣ್ಣಾಸಾಹೇಬರು ನಕ್ಕು ಪಾಠ ಹೇಳಿದರು. ಮೇಷ್ಟ್ರಾದ ನಾನು ಬರೆದುಕೊಂಡೆ. ಉಕ್ಕಿನ ಗುಂಡು ಬೇಡ, ಹೊಳೆಯ ದುಂಡನೆಯ ಸಣ್ಣ ಹರಳು ಸಾಕು. ಡ್ರಮ್ಮು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ತಾಮ್ರದ ಜೊತೆ ಬೇರೆ ಲೋಹ ಹಾಕಬಾರದು, ಹಾಕಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಕಾಲು ತಾಸಿಗೊಮ್ಮೆ ನಿಲ್ಲಿಸಿ, ತೆರೆದು ನೋಡಬೇಕು. ಬೆಳ್ಳಿಯನ್ನಂತೂ ಹಾಕಲೇಬಾರದು, ಕೈಯಿಂದಲೇ ತೊಳೆಯಬೇಕು. ಎಲ್ಲಕ್ಕೂ ಮೊದಲು ನೆನೆಹಾಕಬೇಕು, ದಿನಗಟ್ಟಲೆ.

"ಅವಸರ ಮಾಡಬ್ಯಾಡ್ರಿ. ಅದು ತಾನ ಬಿಡತೈತಿ."

೨ ಏಪ್ರಿಲ್, ಸೋಮವಾರ

ಗಡ್ಡೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ನೆನೆಯುತ್ತಿದೆ. ದಿನವೂ ನೀರು ಬದಲು. ಪಾತ್ರೆ ಮನೀಷಾಳ ಇಡ್ಲಿ ಹಿಟ್ಟಿನದು.

"ರೀ, ನಿಮ್ಮ ಏಳ್ಗಿ ಆಗೂತನಕಾ ನಮ್ಮ ಮನ್ಯಾಗ ಇಡ್ಲಿ ಇಲ್ಲೇನು?"

ಶ್ಲೇಷೆ ಅವಳದು. ನನ್ನ ಸಹವಾಸ. ನನಗೆ ಇವತ್ತೆಲ್ಲ ಖುಷಿ.

೮ ಏಪ್ರಿಲ್, ರವಿವಾರ

ಎರಡು ಸಲ ಕೈ ತೊಳೆದು ಬರೆಯಲು ಕುಳಿತಿದ್ದೇನೆ.

ಗಡ್ಡೆ ಮೆತ್ತಗಾಗಿತ್ತು. ಮಣ್ಣು ಬಿಡುವತನಕ ಒಂದೇ ಕಾಲು ತಾಸು ಎಲ್ಲ ಕೂಡಿ ತಿರುಗಿಸಲು ಅಡ್ಡಿಯಿಲ್ಲ ಎಂದಿದ್ದರು ಅಣ್ಣಾಸಾಹೇಬರು. ಬಿಡಿಸಲೆಂದು ಡ್ರಮ್ಮಿಗೆ ಹರಳು, ಅಂಟವಾಳದ ನೀರು ಹಾಕಿ, ನನ್ನ ಸ್ವಂತ ಬುದ್ಧಿಯಿಂದ ಚಿಟಿಕೆ ಬಟ್ಟೆ ಸೋಡಾ ಸೇರಿಸಿದೆ. ಕಾಲು ತಾಸು ತಿರುಗಿಸಿ ಮುಚ್ಚಳ ತೆಗೆದೆವು.

ರಕ್ತ. ಡ್ರಮ್ಮಿನ ತುಂಬ ರಕ್ತ.

ಅಣ್ಣಾಸಾಹೇಬರು ಮಾರು ದೂರ ಹಾರಿದರು. "ಅಯ್ಯಯ್ಯೋ! ಏನ ಹಾಕೀರಿ ಸರ್ ಇದ್ರಾಗ? ಇದು ಹೆಣಮಕ್ಕಳ ಹೊಸ್ತಿಲದ್ದು ಅಂದ್ರಿ, ಹಂಗೆಲ್ಲಾ ತಿರಗಸಬಾರದಿತ್ತು!" ಕಾಲಿನ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು. ನಾನು ಎಂಎಸ್ಸಿ, ಮೊದಲ ದರ್ಜೆ. ನಾನೂ ಚಪ್ಪಲಿ ಬಿಟ್ಟೆ.

ಮನೆಗೆ ಬಂದು ಹೇಳಿದಾಗ ಮನೀಷಾ ನೆಲಕ್ಕೆ ಕುಳಿತು ನಕ್ಕಳು. "ಅರಿಷಿಣಕ್ಕ ಸೋಡಾ ಬಿದ್ರ ಕೆಂಪ ಆಗೂದು ಆರತಿ ಮಾಡೂ ಹುಡಿಗ್ಯಾರಿಗೆಲ್ಲಾ ಗೊತ್ತೈತ್ರಿ. ಅತ್ತಿ ಭಂಡಾರ ಸುರುವಿದ್ದು ನಿಮ್ಮ ಮುಂದ ಅಲ್ಲೇನು?"

ನಿಜ. ಆದರೂ ಆ ಬಣ್ಣ ಕಣ್ಣಿಂದ ಹೋಗುತ್ತಿಲ್ಲ. ದುಡ್ಡುಗಳು ಬಿಟ್ಟಿವೆ. ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ ತಂದಿದ್ದೇನೆ. ಎಣಿಸುವ ಧೈರ್ಯ ಇವತ್ತಿಗಿಲ್ಲ.

೧೫ ಏಪ್ರಿಲ್, ರವಿವಾರ

ಎಂಟು.

ಮೂರು ಸಲ ಎಣಿಸಿದೆ. ಮನೀಷಾಳೂ ಒಂದು ಸಲ ಎಣಿಸಿದಳು. ಎಂಟೇ.

ಕ್ರಮವಾಗಿ ಬರೆಯುತ್ತೇನೆ. ಲೋಹ ಬೇರ್ಪಡಿಸಲು ಕಾಲೇಜಿನ ಅಯಸ್ಕಾಂತ ತಂದಿದ್ದೆ. ಬಿಡಿಯಾಗಿದ್ದ ಎರಡನ್ನು ಮೊದಲೇ ಪಕ್ಕಕ್ಕಿಟ್ಟಿದ್ದೆ. ಗಡ್ಡೆಯಿಂದ ಬರಬೇಕಾದದ್ದು ಐದು: ಹಿಂದಿನವರ ಮೂರು ತಾಮ್ರ, ಅಜ್ಜಿಯ ಒಂದು ಬೆಳ್ಳಿ, ಅವ್ವನ ಕಮಲ. ಇವುಗಳಲ್ಲಿ ಒಂದೂ ಅಯಸ್ಕಾಂತಕ್ಕೆ ಬಗ್ಗುವುದಲ್ಲ. ಆದರೆ ಒಂದು ಮಣ್ಣುಂಡೆ ಟಕ್ಕೆಂದು ಹಾರಿ ಬಂದು ಅಂಟಿಕೊಂಡಿತು. ಮೆತ್ತಗೆ ನೀರಲ್ಲಿ ಉಜ್ಜಿದೆ. ನಿಕಲ್ ರೂಪಾಯಿ. ನೆಹರೂ ಮುಖ. ೧೯೬೪.

ಕಮಲದ ದುಡ್ಡನ್ನೂ ಉಜ್ಜಿದೆ. ೧೯೭೦.

ಹೊಸ ದುಡ್ಡನ್ನೇ ಹಾಕಬೇಕು ಎಂಬುದು ಪದ್ಧತಿ. ಅಂದರೆ ಅರವತ್ನಾಲ್ಕು ಅರವತ್ತೈದರ ಸುಮಾರಿಗೆ ಈ ಮನೆಗೆ ಒಬ್ಬ ಸೊಸೆ ಬಂದಿದ್ದಾಳೆ. ಅಪ್ಪನಿಗೂ ಕಾಕಾನಿಗೂ ಬೇರೆ ಅಣ್ಣತಮ್ಮಂದಿರಿಲ್ಲ. ಕಾಕಾ ಆಗ ಹುಡುಗ. ಮತ್ತೆ ಅವ್ವ ಬಂದದ್ದು ಎಪ್ಪತ್ತರಲ್ಲಿ. ಎಪ್ಪತ್ತರಲ್ಲಿ ನಾನು ಎಲ್ಲಿದ್ದೆ?

ನನ್ನ ಸಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ ಒಂದು, ಅರವತ್ತೇಳು. ನಮ್ಮ ಭಾಗದಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟುತ್ತಾರೆ, ಹೆಡ್ ಮಾಸ್ತರರ ಕೃಪೆ. ಇಸವಿಯೂ ಅಂದಾಜೇ ಇರಬೇಕು. ವಯಸ್ಸನ್ನು ಒಂದು ವರ್ಷ ಹೆಚ್ಚು ಹಾಕಿರಬಹುದು. ಮೂರು ವರ್ಷ ಹಾಕುತ್ತಾರೆಯೇ? ಹಾಕಬಹುದು. ಹಾಕಿರಬೇಕು.

೧೬ ಏಪ್ರಿಲ್, ಸೋಮವಾರ

ಮುಂಜಾನೆ ಚಹಾ ಕುಡಿಯುತ್ತ ಮನೀಷಾಳಿಗೆ ನಗುನಗುತ್ತಲೇ ಕೇಳಿದೆ: "ನೆಹರೂ ಯಾರ ಬೀಗರು? ನಮ್ಮ ಹೊಸ್ತಿಲದಾಗ ಹೆಂಗ ಬಂದ್ರು?"

ಅವಳು ನಗಲಿಲ್ಲ. ಚಹಾದ ಬಸಿ ಕೆಳಗಿಟ್ಟಳು.

"ನಿಮಗ ಗೊತ್ತಿಲ್ಲೇನ್ರಿ?"

"ಏನು?"

"ಖರೇನ ಗೊತ್ತಿಲ್ಲೇನು? ನಾ ಮದವಿ ಆಗಿ ಬಂದ ವರ್ಷನ ಊರಾಗ ಹೆಣಮಕ್ಕಳು ಹೇಳಿದ್ರು. ನಿಮಗ ಗೊತ್ತೈತಿ, ಮಾತಾಡಾಕ ಮನಸಿಲ್ಲ ಅನ್ಕೊಂಡು ನಾನೂ ಸುಮ್ಮನಿದ್ನಿ."

ತಾಯವ್ವ ಎಂದು ಹೆಸರು. ಅಪ್ಪನ ಮೊದಲ ಹೆಂಡತಿ. ಕುರಿಯ ಹಿಂಡಿನ ಜೊತೆ ಸಾವಳಗಿ ಕಡೆ ಹೋದಾಗ ಜ್ವರ ಬಂದು ಅಡವಿಯಲ್ಲೇ ತೀರಿಕೊಂಡಳಂತೆ. ಮಗುವಿಗೆ ಏಳು ತಿಂಗಳು.

ಮಗು ನಾನು.

೧೯ ಏಪ್ರಿಲ್

ಊರಿಗೆಲ್ಲ ಗೊತ್ತು. ಊರಿಗೆಲ್ಲ.

ನಾನು ಬೆಳೆದದ್ದು ಅಪ್ಪನಿಗೆ ಕೆಲಸ ಸಿಕ್ಕ ಮೇಲೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಊರಿಗೆ ಹಬ್ಬಕ್ಕೆ ಬಂದು ಹಬ್ಬಕ್ಕೆ ಹೋಗುವವನು. ಬಂದಾಗಲೂ ಮಾತು ನನ್ನದೇ, ಬೇರೆಯವರಿಗೆ ಎಡೆ ಎಲ್ಲಿತ್ತು? ಅಪ್ಪ ಹುಲೆಪ್ಪ ಸಾಯುವತನಕ ಇದರ ಬಗ್ಗೆ ಒಂದು ಮಾತು ಆಡಲಿಲ್ಲ.

ಉತ್ತರಪತ್ರಿಕೆ ತಿದ್ದಲು ಹೋಗಿ ಒಂದೇ ಪತ್ರಿಕೆಗೆ ಎರಡು ಸಲ ಅಂಕ ಹಾಕಿದೆ.

೨೨ ಏಪ್ರಿಲ್, ರವಿವಾರ

ಊರಿಗೆ ಹೋದೆ. ಕದವಿಲ್ಲದ ಮನೆಯ ಪಡಸಾಲೆಯಲ್ಲಿ ಅವ್ವ ಕಾಳು ಹಸನು ಮಾಡುತ್ತಿದ್ದಳು. ಎಂಟನ್ನೂ ಮೊರದ ಮೂಲೆಯಲ್ಲಿ ಇಟ್ಟೆ. ಅವಳು ನೋಡಿದಳು. ಕಾಳು ಆರಿಸುವುದನ್ನು ಬಿಡಲಿಲ್ಲ.

"ತೊಳಿಬ್ಯಾಡ ಅಂದಿದ್ನಿ."

"ತಾಯವ್ವಂದು ಯಾವುದು?"

ನೆಹರೂ ರೂಪಾಯಿಯನ್ನು ಬೆರಳಿನಿಂದ ನನ್ನ ಕಡೆ ಸರಿಸಿದಳು. "ಅಕಿದು ಇದು. ನಾ ಅಕಿ ಮಾರಿ ನೋಡಿಲ್ಲ. ನಾ ಬರೂದ್ರಾಗ ಎರಡು ವರ್ಷ ಆಗಿತ್ತು."

"ಮತ್ತ ಕಮಲದ್ದು ನಿಂದು. ಹಂಗಾದ್ರ ಎಂಟು ಸೊಸೆಂದಿರು. ಕಾಕಾ ಯಾಕ ಏಳು ಅಂತಾನ?"

ಅವ್ವ ಮೊರವನ್ನು ಮಡಿಲಿನಿಂದ ಕೆಳಗಿಳಿಸಿದಳು.

"ನಾನು ಉಡಿಕಿ ಆಗಿ ಬಂದಾಕಿ ಕಾಮಣ್ಣ. ಮೊದಲಿನ ಗಂಡ ಸತ್ತಿದ್ದ. ಉಡಿಕಿ ಬಂದಾಕಿ ಹೊಸ್ತಿಲಕ್ಕ ದುಡ್ಡ ಹಾಕಂಗಿಲ್ಲ, ಮುಂದಿನ ಬಾಗಲಾ ದಾಟಿ ಬರಂಗಿಲ್ಲ. ಹಿತ್ತಲ ಬಾಗಲದಿಂದ ಒಳಗ ಕರಕೊಂಡ್ರು. ನಮ್ಮಪ್ಪ ಕೊಟ್ಟಿದ್ದ ದುಡ್ಡು ಸೆರಗಿನಾಗ ಗಂಟ ಹಾಕಿದ್ದು ಹಂಗ ಉಳೀತು."

"ಮತ್ತ ಇದ್ರಾಗ ಹೆಂಗ ಬಂತು?"

"ನಾಕನೇ ದಿವಸ ಎಲ್ಲಾರೂ ಕುರಿ ಉಣ್ಣೆ ಕತ್ತರಸಾಕ ಹೋಗಿದ್ರು. ನೀ ಹೊಸ್ತಿಲದ ಮ್ಯಾಲ ಕುಂತು ಯಾರನ್ನೋ ಹುಡುಕಿದಂಗ ಹೊರಗ ನೋಡಿ ಅಳಾಕತ್ತಿದ್ದಿ. ಬಗಲಾಗ ಎತಗೊಂಡ್ನಿ. ಏನ ತಿಳೀತೋ ಏನೋ, ಕುಡಗೋಲ ತುದೀಲೆ ಮಣ್ಣ ಕೆದರಿ ಹಾಕೇಬಿಟ್ನಿ. ಯಾರಿಗೂ ಗೊತ್ತಿಲ್ಲ."

"ಡೊಳ್ಳು ಬಡದಿದ್ರು ಅಂತಿದ್ದೆಲ್ಲ?"

"ಯಾ ಡೊಳ್ಳೋ! ನೀ ಅತ್ತಿದ್ದ ಡೊಳ್ಳು."

ಮೂವತ್ತೊಂದು ವರ್ಷ ಅವಳು, ಹಬ್ಬಕ್ಕೆ ಬಂದಾಗಲೂ ಅಪ್ಪ ಹೋದ ಮೇಲೆ ಇಲ್ಲೇ ಉಳಿದಾಗಲೂ, ಕಾಕಾನ ಮುಂದೆ ಓಡಾಡಿದ್ದಾಳೆ, ಕಾಲ ಕೆಳಗೆ ಇದನ್ನಿಟ್ಟುಕೊಂಡು. ಕಾಕಾನ ಏಳರಲ್ಲಿ ತಾಯವ್ವ ಇದ್ದಾಳೆ, ಅವ್ವ ಇಲ್ಲ. ನನ್ನ ಏಳರಲ್ಲಿ ಅವ್ವ ಇದ್ದಳು, ತಾಯವ್ವ ಇರಲಿಲ್ಲ.

ನಾನು ಹೊರಡಲು ಏಳುವಾಗ ಅವ್ವ ಕಮಲದ ದುಡ್ಡನ್ನು ನನ್ನ ಅಂಗಿಯ ಕಿಸೆಗೆ ಹಾಕಿದಳು. "ನಿಮ್ಮ ಕಾಕಾಗ ಏಳ ಎಣಿಸಿ ಕೊಡು. ನಂದ ಬಿಡು. ಎಲ್ಲಾರ ಮುಂದ ಅಂವ ತಗದ ಒಗದ್ರ ತಡಕೊಳ್ಳಾಕ ಆಗಂಗಿಲ್ಲ ನನಗ."

ಸರಿ ಎಂದೆ. ಸರಿ ಎಂದೇಕೆ ಅಂದೆನೋ.

೬ ಮೇ, ರವಿವಾರ

ತಾಮ್ರದ ಮೂರನ್ನು ಮಾತ್ರ ಡ್ರಮ್ಮಿನಲ್ಲಿ ತಿರುಗಿಸಿದೆ. ಸೋಡಾ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡಿದೆ. ಮಣ್ಣು ಹೋಯಿತು, ಮೇಲಿನ ಕಂದು ಬಣ್ಣ ಉಳಿಯಿತು. ಮುಖಗಳು ಉಳಿದವು.

"ಇನ್ನರ್ಧ ತಾಸು ಬಿಟ್ರ ಹೊಳೀತಾವ್ರಿ," ಎಂದರು ಅಣ್ಣಾಸಾಹೇಬರು.

"ಸಾಕ್ರಿ," ಎಂದೆ.

ಉಳಿದವನ್ನು ಮನೆಯಲ್ಲಿ ಕೈಯಿಂದ ತೊಳೆದೆ. ನೆಹರೂ ರೂಪಾಯಿಯನ್ನು ತೊಳೆದೇ ತೊಳೆದೆ. ಅಂಚಿನ ಒಂದು ಕಡೆ ಹಲ್ಲಿನಿಂದ ಕಚ್ಚಿ ನೋಡಿದಂತೆ ಸಣ್ಣ ತಗ್ಗಿದೆ. ಅಥವಾ ಕಲ್ಲಿನ ಪೆಟ್ಟು. ತಿಳಿಯುವ ದಾರಿಯಿಲ್ಲ.

೧೪ ಮೇ, ಸೋಮವಾರ. ಪುನರ್ವಸತಿ ಕೇಂದ್ರ

ಹೊಸ ಮನೆಯ ಹೊಸ್ತಿಲು ಕೂಡಿಸಿದರು. ಎಲ್ಲವನ್ನೂ ಬರೆದಿಡಬೇಕು.

ಕಾಕಾ ದುಡ್ಡು ಹಾಕಿದ ಅಗಲ ಪರಾತ ಹಿಡಿದು ಎಣಿಸಿದ. "ಏಳು. ಬರೋಬ್ಬರಿ." ಎಂಟನೆಯದು ನನ್ನ ಕಿಸೆಯಲ್ಲಿ. ಅವ್ವ ಹೆಂಗಸರ ಹಿಂದೆ, ಹೊಸ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ನನ್ನನ್ನು ನೋಡುತ್ತಿರಲಿಲ್ಲ. ಬಾಯಿ ತೆರೆದೆ. ಮಾತು ಬರಲಿಲ್ಲ. ಕ್ಲಾಸಿನಲ್ಲಿ ನೂರು ಹುಡುಗರನ್ನು ಕುಣಿಸುವ ಬಾಯಿ ಇದು.

ಮನೀಷಾ ಮುಂದೆ ಬಂದು ಪರಾತದಿಂದ ತನ್ನ ಉಕ್ಕಿನ ರೂಪಾಯಿ ಎತ್ತಿಕೊಂಡಳು.

"ಏನ ಮಾಡಾಕತ್ತೀಬೇ?" ಕಾಕಾ ಗದರಿದ.

"ಅತ್ತೀದು ಬರೂತನಕಾ ನಂದೂ ಬ್ಯಾಡ್ರಿ ಮಾವಾರ."

"ನಿಮ್ಮತ್ತೀದು ಎಲ್ಲೈತಿ ಇದ್ರಾಗ?"

ಆಗ ನನ್ನ ಕೈ ಕಿಸೆಗೆ ಹೋಯಿತು. ಕಮಲದ ದುಡ್ಡನ್ನು ಪರಾತದಲ್ಲಿ ಇಟ್ಟೆ. "ಎಂಟು, ಕಾಕಾ. ಎಪ್ಪತ್ತರಿಂದಾನೂ ಇದು ಅದರಾಗ ಇತ್ತು. ನನಗ ಅವ್ವಂದಿರು ಇಬ್ರು."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಾಕಾನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ವೈನಿ! ನನಗ ಗೊತ್ತಿಲ್ಲದಂಗ? ಉಡಿಕಿ ಬಂದಾಕಿ ದುಡ್ಡು ಹೊಸ್ತಿಲದಾಗ! ಹಿರ್ಯಾರು ಏನಂದಾರು?" ಎನ್ನುತ್ತ ಕಮಲವನ್ನು ಎತ್ತಲು ಕೈ ಹಾಕಿದ.

"ಹಿರ್ಯಾರ ಮನೀನ ನೀರಾಗ ಹೊಂಟೈತಿ, ಅವರೇನ ಅಂತಾರ?" ಎಂದಳು ಅವನ ಹೆಂಡತಿ ಯಲ್ಲಕ್ಕ ಚಿಗವ್ವ. ನನಗೆ ನೆನಪಿರುವಂತೆ ಅವಳು ಗಂಡನ ಎದುರು ಆಡಿದ ಮೊದಲ ಮಾತು ಇದೇ. ಬಂದು ತನ್ನ ನಾಲ್ಕಾಣೆಯನ್ನೂ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಕಿ ಈ ಮನ್ಯಾಗ ಸಗಣಿ ಬಳದಾಳ, ರೊಟ್ಟಿ ಬಡದಾಳ, ತನ್ನ ಹೊಟ್ಟೀಲೆ ಹುಟ್ಟಲಾರದ ಕೂಸಿನ ಸಾಕ್ಯಾಳ. ನಾ ಮಾಡಿದ್ದು ಇದರಾಗ ಅರ್ಧ. ನಂದೂ ಬ್ಯಾಡ."

ಪರಾತದಲ್ಲಿ ಈಗ ಸತ್ತವರ ದುಡ್ಡು ಐದು, ಮತ್ತು ಕಾಕಾನ ಬೆರಳ ಕೆಳಗೆ ಕಮಲ.

ಮನೆ ಕಟ್ಟುವ ಗೌಂಡಿ ಕರಣೆ ಹಿಡಿದು ಚಡಪಡಿಸುತ್ತಿದ್ದ. "ಯಜಮಾನ್ರ, ಕಾಂಕ್ರೀಟ ಗಟ್ಟಿ ಆಗಾಕತ್ತೈತ್ರಿ. ಏಳೋ ಎಂಟೋ ಲಗೂನ ಹೇಳ್ರಿ."

ಕಾಕಾ ಸೊಸೆಯ ಮುಚ್ಚಿದ ಮುಷ್ಟಿ ನೋಡಿದ, ಹೆಂಡತಿಯ ಸೊಂಟ ನೋಡಿದ. ಆಮೇಲೆ ಅವ್ವ ನಿಂತಿದ್ದ ಗೋಡೆಯ ಕಡೆ ನೋಡಿದ. ಬೆರಳು ತೆಗೆದ.

"ಬಾ ವೈನಿ. ನಿನ್ನ ಕೈಯಾರೆ ಹಾಕು. ಮುಚ್ಚಾಕ ನಾ ಅದೀನಿ."

ಅವ್ವ ಬರಲಿಲ್ಲ. ಮನೀಷಾ ಒಂದು ಕೈ, ಚಿಗವ್ವ ಒಂದು ಕೈ ಹಿಡಿದು ಕರೆತಂದರು. ಅಂಗಳದಿಂದ, ಮುಂದಿನ ಬಾಗಿಲಿಗೆ. ಎಲ್ಲ ಎಂಟೂ ಬಿದ್ದವು. ಕೊನೆಯಲ್ಲಿ ಕಮಲ. ಕಾಕಾ ಗೌಂಡಿಯ ಕೈಯಿಂದ ಕರಣೆ ಕಸಿದುಕೊಂಡು ತಾನೇ ಮುಚ್ಚಿದ. ಮುಚ್ಚಿದ ಮೇಲೂ ಬಹಳ ಹೊತ್ತು ಸವರುತ್ತಲೇ ಇದ್ದ.

ಊಟವಾದ ಮೇಲೆ ಟ್ಯಾಂಕರಿನ ಹತ್ತಿರ ಅವನು ಕೈಯ ಸಿಮೆಂಟು ತೊಳೆಯುತ್ತಿದ್ದಾಗ ನೀರು ಹಾಕಲು ಹೋದೆ. ಅವ್ವನೂ ಅಲ್ಲೇ ಬೋಗುಣಿ ತಿಕ್ಕುತ್ತಿದ್ದಳು. ತಾಯವ್ವನ ಒಂದು ಫೋಟೋ ಇಲ್ಲ, ಇವರಿಬ್ಬರಲ್ಲಿ ಅವಳನ್ನು ಕಂಡವನು ಕಾಕಾ ಒಬ್ಬನೇ.

"ಕಾಕಾ, ಅಕಿ ಹೆಂಗಿದ್ಲು?"

ಕಾಕಾ ಉಗುರಿನ ಸಂದಿಯ ಸಿಮೆಂಟು ಕೆದರುತ್ತ ಹೇಳಿದ: "ಬಾಯಿ ಮುಚ್ಚತಿದ್ದಿಲ್ಲ ಲೇ. ಹೆಣದ ಮನ್ಯಾ ಮಂದೀನೂ ನಗಸಾಕಿ. ನನಗ ಆಗ ಹದಿಮೂರು ವರ್ಷ, ನನ್ನ ಹೆಸರಿಗೆ ದಿನಕ್ಕೊಂದು ಹಾಡ ಕಟ್ಟತಿದ್ಲು. ಮುರಗೆಪ್ಪ, ತಿರಗೆಪ್ಪ, ಕುರಿ ಬಿಟ್ಟು ಒರಗೆಪ್ಪ… ನೀ ಸಣ್ಣಾಂವಿದ್ದಾಗ ಮಾತು ಕಲತಿ ನೋಡು, ಅಣ್ಣ ಎದ್ದು ಹೊರಗ ಹೋಗಿಬಿಡತಿದ್ದ. ಅಕಿ ಬಾಯಿ ನಿನಗ ಹಂಗಿಂದ ಹಂಗ ಬಂದೈತಿ."

ತಂಬಿಗೆಯ ನೀರು ಅವನ ಕೈ ಬಿಟ್ಟು ನೆಲಕ್ಕೆ ಹೋಗುತ್ತಿತ್ತು. ಅವನು ಇನ್ನೊಂದಿಷ್ಟು ಹೊತ್ತು ಹಾಗೆಯೇ ಕೈಚಾಚಿ ನಿಂತಿದ್ದ.

"ಏನರ ಅನ್ನೋ ಕಾಮಣ್ಣ," ಎಂದಳು ಅವ್ವ. "ಯಾಕ ಸುಮ್ಮನಾದಿ?"